‘ತಂಗಿ ರೀ’ ಎಂದ ಅಪ್ಪ: ಹದಿಹರೆಯದ ತಂದೆಗೂ ಕನ್ನಡದಲ್ಲೊಂದು ಕಾದಂಬರಿ ಬೇಕು

ಅವತ್ತು ಗುರುವಾರ. ಆರೋಗ್ಯ ಕೇಂದ್ರಗಳಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ದಿನ. ಅಕ್ಕನ ಮೊಮ್ಮಗಳನ್ನು ಎತ್ತಿಕೊಂಡು ಬಾಗಲಕೋಟೆ ಜಿಲ್ಲೆಯ ಒಂದು ಕೇಂದ್ರದಲ್ಲಿ ಪಾಳಿಗೆ ಕೂತಿದ್ದೆ. ನನ್ನ ಮುಂದೆ ಒಬ್ಬ ಹುಡುಗ. ಮೀಸೆ ಇನ್ನೂ ಚಿಗುರುತ್ತಿತ್ತು. ಬೆನ್ನಿಗೆ ಕಾಲೇಜಿನ ಬ್ಯಾಗು, ಎದೆಗೆ ಒಂದು ಕೂಸು. ಸುತ್ತ ಕೂತವರೆಲ್ಲ ಹೆಣ್ಣುಮಕ್ಕಳು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

‘ಏ ತಮ್ಮಾ, ಕೂಸಿನ ಅವ್ವ ಎಲ್ಲಿ?’ ನರ್ಸ್ ಕೇಳಿದರು.

‘ಮನ್ಯಾಗ ಅದಾಳ್ರಿ. ಆರಾಮಿಲ್ಲ.’

‘ನಿನಗೇನಾಗಬೇಕು ಇದು?’

ಹುಡುಗ ನೆಲ ನೋಡಿದ. ‘ತಂಗಿ ರೀ.’

ನರ್ಸ್ ಮತ್ತೇನೂ ಕೇಳಲಿಲ್ಲ. ‘ತೊಡಿ ಗಟ್ಟಿ ಹಿಡಿ’ ಎಂದರು ಅಷ್ಟೇ. ಸೂಜಿ ಚುಚ್ಚಿದಾಗ ಕೂಸು ಚೀರಿತು. ಹುಡುಗ ಮುಖ ಆಚೆ ತಿರುಗಿಸಿದ. ಆಮೇಲೆ ಬ್ಯಾಗಿನ ಜಿಪ್ ತೆಗೆದು, ನೋಟ್‌ಬುಕ್ಕುಗಳ ನಡುವಿನಿಂದ ಒಂದು ಕುಂಚಿಗೆ ಎಳೆದು ಕೂಸಿನ ತಲೆಗೆ ಹಾಕಿದ. ಗದ್ದದ ಕೆಳಗೆ ಲಾಡಿ ಕಟ್ಟಿದ. ಬಿಗಿಯಾಯಿತೇನೋ ಅಂತ ಲಾಡಿಯ ಒಳಗೆ ಒಂದು ಬೆರಳು ತೂರಿಸಿ ನೋಡಿದ. ಆ ಬೆರಳು ನೋಡಿದಾಗಲೇ ನನಗೆ ಗೊತ್ತಾಯಿತು. ಪಕ್ಕದಲ್ಲಿದ್ದ ಅಜ್ಜಿಗೂ ಗೊತ್ತಾಯಿತು. ‘ಹಡದಾಕಿ ಇನ್ನೂ ಸಣ್ಣಾಕಿ ಇರಬೇಕು’ ಎಂದು ಮೆಲ್ಲಗೆ ಅಂದಳು.

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹದಿನಾರು, ಹದಿನೇಳರ ಹುಡುಗರ ನಡುವೆಯೇ ನನ್ನ ದಿನ ಕಳೆಯುತ್ತದೆ. ಆದರೂ ಅಪ್ಪನಾದ ಹುಡುಗ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಚಿತ್ರ. ಒಂದು, ಹುಡುಗಿಯನ್ನು ಕೈಬಿಟ್ಟು ಓಡಿಹೋದವನು. ಇನ್ನೊಂದು, ಪೇಪರಿನಲ್ಲಿ ‘ಆರೋಪಿ’ ಎಂದು ಬರುವವನು. ಕುಂಚಿಗೆ ಕಟ್ಟುವ ಹುಡುಗ ಆ ಎರಡರಲ್ಲಿ ಎಲ್ಲಿಯೂ ಕೂರಲಿಲ್ಲ.

ಅವನು ಸುಳ್ಳು ಯಾಕೆ ಹೇಳಿದ? ಇದಕ್ಕೆ ಉತ್ತರ ಕಾನೂನಿನಲ್ಲಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಮದುವೆಗೆ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಕರ್ನಾಟಕ ಈ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಮದುವೆಯಲ್ಲ ಎಂದು ಮಾಡಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. ಹೆಂಡತಿಯಾಗಿದ್ದರೂ ಅಷ್ಟೇ ಎಂದು 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಸುರಿ ಹುಡುಗಿಗೆ 18 ಆಗಿಲ್ಲ ಎಂದು ಗೊತ್ತಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಅಂದರೆ ‘ನಾನೇ ಅಪ್ಪ’ ಎಂಬ ಎರಡು ಮಾತು ಆ ಹುಡುಗನ ಪಾಲಿಗೆ ತಪ್ಪೊಪ್ಪಿಗೆ ಆಗಬಹುದು.

ಈ ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. 15 ವರ್ಷದ ಹುಡುಗಿಯನ್ನು 30ರ ಗಂಡಸಿಗೆ ಕಟ್ಟುವ ಮನೆಗಳು ನಮ್ಮ ಸುತ್ತ ಇನ್ನೂ ಇವೆ. ಅವರಿಗೆ ಹೆದರಿಕೆ ಇರಲೇಬೇಕು. ಆದರೆ ಇಬ್ಬರೂ ಮಕ್ಕಳೇ ಆಗಿರುವ ಕಡೆ ಅದೇ ಕಾನೂನು ಬೇರೆ ಥರ ಕೆಲಸ ಮಾಡುತ್ತದೆ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಪ್ರಕರಣ ಬಂದಿತ್ತು. ಬೆಳಗಾವಿ, ಬಾಗಲಕೋಟೆ ಎರಡೂ ಇದೇ ಪೀಠಕ್ಕೆ ಸೇರುತ್ತವೆ. 18 ತುಂಬದ ಹುಡುಗಿ, ಪ್ರೀತಿ ಮಾಡಿ ಮನೆ ಬಿಟ್ಟಿದ್ದಳು. ಕೇಸು ನಡೆಯುವಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿ ಎರಡು ಮಕ್ಕಳೂ ಆಗಿದ್ದವು. ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಎಂದು ಪೀಠ ಕಾನೂನು ಆಯೋಗಕ್ಕೆ ಹೇಳಿತು. ಪೋಕ್ಸೊ ಏನೆಂದು 9ನೇ ತರಗತಿಯಿಂದಲೇ ಮಕ್ಕಳಿಗೆ ತಿಳಿಸಿ ಎಂದೂ ಹೇಳಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಮಾತ್ರ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಿತು.

ಹೀಗಾಗಿ ‘ಓಡಿಹೋದ ಅಪ್ಪ’ ಎಂದು ನಾವು ಕರೆಯುವ ಎಲ್ಲರೂ ಓಡಿಹೋದವರಲ್ಲ. ಕೆಲವರು ಅಡಗಿದವರು. ಕೆಲವರು ‘ಅಣ್ಣ’ ಆದವರು.

ಲೆಕ್ಕದಲ್ಲೂ ಇವರು ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇಡೀ ದೇಶದಲ್ಲಿ 25ರಿಂದ 29ರ ಗಂಡಸರಲ್ಲಿ ಶೇ 17.7 ಮಂದಿ 21ರೊಳಗೆ ಮದುವೆಯಾಗಿದ್ದರು. 15ರಿಂದ 19ರ ಹುಡುಗಿಯರಲ್ಲಿ ಎಷ್ಟು ಜನ ಆಗಲೇ ತಾಯಿ ಅಥವಾ ಬಸುರಿ ಎಂಬುದಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲು ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಎಷ್ಟು ಜನ ಅಪ್ಪಂದಿರು ಎಂಬ ಸಾಲು ಆ ಪಟ್ಟಿಯಲ್ಲಿ ಇಲ್ಲ.

ಎಣಿಕೆಯಲ್ಲಿ ಇಲ್ಲದವನು ಕಥೆಯಲ್ಲಾದರೂ ಇರಬೇಕು ಅಲ್ವಾ? ಅಲ್ಲೂ ಇಲ್ಲ. ವಿಜಯಪುರ ಜಿಲ್ಲೆ ಕನ್ನಡಕ್ಕೆ ದೊಡ್ಡ ಮಕ್ಕಳ ಸಾಹಿತಿಗಳನ್ನು ಕೊಟ್ಟಿದೆ. ಶಂ.ಗು. ಬಿರಾದಾರ, ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಅವರ ಪದ್ಯ ಓದಿಯೇ ನಮ್ಮ ಕಡೆಯ ಮಕ್ಕಳು ಬೆಳೆದದ್ದು. ಆ ಪದ್ಯಗಳ ವಯಸ್ಸು ದಾಟಿದ ಮೇಲೆ ಹುಡುಗನ ಕೈಗೆ ನೇರವಾಗಿ ದೊಡ್ಡವರ ಕಾದಂಬರಿ ಬರುತ್ತದೆ. ನಡುವಿನ ಐದಾರು ವರ್ಷ ಖಾಲಿ. ಮೀಸೆ ಬರುವ, ಧ್ವನಿ ಒಡೆಯುವ, ಮೈ ತನ್ನ ಮಾತು ಕೇಳದ ವರ್ಷಗಳು ಅವು.

ಇಂಗ್ಲಿಷಿನಲ್ಲಿ ಆ ವಯಸ್ಸಿನವರಿಗೆಂದೇ ಬರೆಯುವುದು ಬಹಳ ಕಾಲದಿಂದ ನಡೆದಿದೆ. ಹದಿಹರೆಯದ ತಂದೆಯ ಬಗ್ಗೆಯೂ ಅಲ್ಲಿ ಕಾದಂಬರಿಗಳಿವೆ. ಅಮೆರಿಕದ ಏಂಜೆಲಾ ಜಾನ್ಸನ್ 2003ರಲ್ಲಿ ಬರೆದ ‘ದಿ ಫಸ್ಟ್ ಪಾರ್ಟ್ ಲಾಸ್ಟ್’ಗೆ ಮರುವರ್ಷ ಪ್ರಿಂಟ್ಜ್ ಪ್ರಶಸ್ತಿ ಬಂತು. ಹದಿಹರೆಯದವರ ಪುಸ್ತಕಗಳಿಗೆ ಅಲ್ಲಿ ಕೊಡುವ ದೊಡ್ಡ ಗೌರವ ಅದು. ನ್ಯೂಯಾರ್ಕಿನ ಬಾಬಿ ಎಂಬ ಕಪ್ಪು ಹುಡುಗ. ಅವನಿಗೆ 16. ಕೈಯಲ್ಲಿ ಮಗಳು ಫೆದರ್. ಒಂದು ಅಧ್ಯಾಯ ‘ಈಗ’, ಇನ್ನೊಂದು ‘ಆಗ’ ಎಂದು ಕಥೆ ಹಿಂದೆ ಮುಂದೆ ಓಡಾಡುತ್ತದೆ. ಪುಟ್ಟ ಪುಸ್ತಕ. ಆದರೆ ನಿದ್ದೆ ಇಲ್ಲದ ರಾತ್ರಿಗಳು, ಕೂಸಿನ ಮೈಯ ವಾಸನೆ, ಹುಡುಗನ ಹೆದರಿಕೆ ಎಲ್ಲಾ ಅದರಲ್ಲಿದೆ.

ಅದರ ಹಿಂದಿನ ಸಿಟ್ಟು ಅರ್ಥವಾಗಬೇಕಾದರೆ ಅಲ್ಲಿನ ಮಾತು ಗೊತ್ತಿರಬೇಕು. ಕಪ್ಪು ಹುಡುಗ ಅಪ್ಪನಾದರೆ ಬಿಟ್ಟು ಹೋಗುತ್ತಾನೆ ಎಂಬುದು ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಬಾಬಿ ಬಿಟ್ಟು ಹೋಗುವುದಿಲ್ಲ. ತಪ್ಪು ಮಾಡುತ್ತಾನೆ, ದಣಿಯುತ್ತಾನೆ, ಅಳುತ್ತಾನೆ, ಆದರೆ ಇರುತ್ತಾನೆ. ಬ್ರಿಟನ್ನಿನ ಮ್ಯಾಲರಿ ಬ್ಲ್ಯಾಕ್‌ಮನ್ 2010ರಲ್ಲಿ ಬರೆದ ‘ಬಾಯ್ಸ್ ಡೋಂಟ್ ಕ್ರೈ’ಯಲ್ಲಿ 17ರ ಡಾಂಟೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುತ್ತಾನೆ. ಬಾಗಿಲಿಗೆ ಹಳೆಯ ಗೆಳತಿ ಬರುತ್ತಾಳೆ, ಕೂಸಿನ ಜೊತೆ. ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೋದವಳು ತಿರುಗಿ ಬರುವುದಿಲ್ಲ.

ಹೋದ ವರ್ಷ ನಾನು ಬಾಬಿಯ ಕಥೆಯನ್ನು ದ್ವಿತೀಯ ಪಿಯುಸಿ ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳಿದೆ. ಪಾಠವಲ್ಲ, ಸುಮ್ನೆ ಕೊನೆಯ ಇಪ್ಪತ್ತು ನಿಮಿಷ. ತರಗತಿ ಅಷ್ಟು ಸದ್ದಿಲ್ಲದೆ ಕೂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಕೊನೆಗೆ ಎರಡು ಪ್ರಶ್ನೆ ಬಂದವು. ಎರಡೂ ಇವತ್ತಿಗೂ ನನ್ನ ಜೊತೆಗಿವೆ.

ಹಿಂದಿನ ಬೆಂಚಿನ ಹುಡುಗ ಕೇಳಿದ: ‘ಸರ್, ಅವನ ಅವ್ವ ಇದ್ಲಲ್ರಿ. ಆಕಿ ಯಾಕ ಕೂಸಿನ್ನ ನೋಡ್ಕೊಳ್ಳಲಿಲ್ಲ?’

ಕಾದಂಬರಿಯ ಜೀವ ಇರುವುದೇ ಅಲ್ಲಿ. ಬಾಬಿಯ ತಾಯಿ ಮನೆಯಲ್ಲೇ ಇದ್ದಾಳೆ. ಮಗ ದಣಿದು ಕುಸಿಯುವುದನ್ನು ನೋಡುತ್ತಾಳೆ. ಆದರೆ ಕೂಸನ್ನು ತಾನು ಎತ್ತಿಕೊಳ್ಳುವುದಿಲ್ಲ. ನಿನ್ನ ಮಗು, ನೀನೇ ನೋಡು ಎನ್ನುವ ಗಟ್ಟಿತನ ಅದು. ನಮ್ಮ ಮನೆಗಳಲ್ಲಿ ಇದು ತಿರುವುಮುರುವು. ಹುಡುಗ ಕೂಸನ್ನು ಮುಟ್ಟುವ ಮೊದಲೇ ಅಜ್ಜಿ ಬರುತ್ತಾಳೆ. ‘ನಿನಗೇನ್ ತಿಳೀತದ, ಕೊಡ ಇಲ್ಲಿ.’ ಎಣ್ಣೆ ಹಚ್ಚಿ ಎರೆಯುವುದು, ಲೋಬಾನದ ಹೊಗೆ ಹಾಕುವುದು, ಬಜೆ ತೇಯ್ದು ನೆಕ್ಕಿಸುವುದು, ಎಲ್ಲಾ ಹೆಂಗಸರ ಕೆಲಸ. ಬಾಣಂತಿ ಕೋಣೆಯ ಬಾಗಿಲಲ್ಲಿ ಹುಡುಗ ಹೊರಗಿನವನು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಪ್ರೀತಿಯಿಂದಲೇ ಅವನನ್ನು ದೂರ ಇಡುತ್ತಾರೆ. ಹಾಗೆ ದೂರ ಇಟ್ಟವನನ್ನೇ ನಾಳೆ ‘ಜವಾಬ್ದಾರಿ ಇಲ್ಲದವ’ ಎನ್ನುತ್ತಾರೆ.

ನನ್ನ ಮಗ ಹುಟ್ಟಿದಾಗ ನನಗೆ 29. ಕೆಲಸ ಇತ್ತು, ಸಂಬಳ ಇತ್ತು. ಆದರೂ ನಮ್ಮ ಅಪ್ಪನ ಮುಂದೆ ಮಗನನ್ನು ಎತ್ತಿಕೊಂಡದ್ದು ಅವನಿಗೆ ವರ್ಷ ತುಂಬಿದ ಮೇಲೆ. ಹಿರಿಯರ ಎದುರು ತನ್ನ ಕೂಸನ್ನು ತಾನು ಮುದ್ದು ಮಾಡುವುದು ನಮ್ಮ ಮನೆಯಲ್ಲಿ ಮರ್ಯಾದೆಯಲ್ಲ ಎಂದಿತ್ತು. ಯಾರೂ ಬೈದು ಹೇಳಿದ್ದಲ್ಲ. ನೋಡಿ ಕಲಿತದ್ದು. ಆ ಒಂದು ವರ್ಷ ನನಗೆ ತಿರುಗಿ ಸಿಗಲಿಲ್ಲ. ಹದಿನೆಂಟರ ಹುಡುಗ ಊರಿನ ಹೆಂಗಸರ ನಡುವೆ ಕೂಸನ್ನು ಎದೆಗಪ್ಪಿ ಕೂತದ್ದು ಎಷ್ಟು ದೊಡ್ಡ ಧೈರ್ಯ ಎಂದು ನನಗೆ ಗೊತ್ತು.

ಎರಡನೆಯ ಪ್ರಶ್ನೆ ಒಬ್ಬ ಹುಡುಗಿಯದು: ‘ಸರ್, ಆ ಹುಡುಗಿ ಏನಂದ್ಲು?’

ಕೂಸು ಹುಟ್ಟಿದ ಮೇಲೆ ಏನೂ ಅನ್ನಲಿಲ್ಲ. ಬಾಬಿಯ ಗೆಳತಿ ನಿಯಾಗೆ ಬಸುರಿನಲ್ಲೇ ಎಕ್ಲಾಂಪ್ಸಿಯ ಆಗುತ್ತದೆ. ಅಂದರೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯ. ಅವಳು ಕೋಮಾಕ್ಕೆ ಹೋಗುತ್ತಾಳೆ, ಮರಳುವುದಿಲ್ಲ. ಇನ್ನೊಂದು ಕಾದಂಬರಿಯಲ್ಲಿ ತಾಯಿ ಬಿಟ್ಟು ಹೋಗುತ್ತಾಳೆ. ಎರಡರಲ್ಲೂ ಹುಡುಗ ಒಳ್ಳೆಯ ಅಪ್ಪ ಆಗಬೇಕಾದರೆ ಹುಡುಗಿ ಕಥೆಯಿಂದ ಆಚೆ ಹೋಗಬೇಕಾಯಿತು. ನಾನು ಆ ಪುಸ್ತಕವನ್ನು ಮೆಚ್ಚಿ ಎರಡು ಸಲ ಓದಿದವನು. ಇದು ನನಗೆ ಹೊಳೆದಿರಲಿಲ್ಲ. ಹದಿನೇಳರ ಹುಡುಗಿಗೆ ಒಂದೇ ಕೇಳಿಕೆಗೆ ಹೊಳೆಯಿತು.

ಕನ್ನಡದಲ್ಲಿ ಇದನ್ನು ಬರೆಯುವವರು ಆ ಸುಲಭದ ದಾರಿ ಹಿಡಿಯಬಾರದು. ಹುಡುಗಿ ಬದುಕಿರಲಿ, ಮನೆಯಲ್ಲಿರಲಿ, ಮಾತಾಡಲಿ. ಹೆರಿಗೆಯ ನೋವು ತಿಂದವಳು ಅವಳು, ಶಾಲೆ ಬಿಟ್ಟವಳು ಅವಳು. ಹುಡುಗ ಒಂದು ದಿನ ಲಸಿಕೆ ಹಾಕಿಸಿ ಬಂದರೆ ಓಣಿಯೆಲ್ಲ ಹೊಗಳುತ್ತದೆ. ಅವಳು ದಿನಾ ಮಾಡುವ ಕೆಲಸಕ್ಕೆ ಹೆಸರೂ ಇಲ್ಲ. ಆ ಸಿಟ್ಟು ಅವಳ ಬಾಯಿಂದಲೇ ಬರಬೇಕು. ಅವಳ ಪಕ್ಕ ನಿಂತು ಕಲಿಯುವ ಅಪ್ಪ ಬೇಕು, ಅವಳ ಜಾಗದಲ್ಲಿ ನಿಂತ ಅಪ್ಪ ಅಲ್ಲ.

ಇದನ್ನು ಹೇಳುವಾಗ ನನಗೆ ಗಾಂಧೀಜಿ ನೆನಪಾಗುತ್ತಾರೆ. 1924ರಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಅವರು ಕಾಂಗ್ರೆಸ್ಸಿಗೆ ಅಧ್ಯಕ್ಷರಾದದ್ದು ಅದೊಂದೇ ಸಲ. ಅದರ ನೂರು ವರ್ಷದ ನೆನಪನ್ನು ಮೊನ್ನೆ ಮೊನ್ನೆ ದೊಡ್ಡದಾಗಿ ಆಚರಿಸಿದೆವು. ಆ ಗಾಂಧೀಜಿ 13ಕ್ಕೆ ಮದುವೆಯಾದವರು, 16ಕ್ಕೆ ಅಪ್ಪನಾದವರು ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 1885ರಲ್ಲಿ ಅವರ ತಂದೆ ತೀರಿಕೊಂಡ ರಾತ್ರಿ ಅವರು ಕಾಲು ಒತ್ತುವುದು ಬಿಟ್ಟು ಬಸುರಿ ಹೆಂಡತಿಯ ಕೋಣೆಗೆ ಹೋಗಿದ್ದರು. ಆ ನಾಚಿಕೆಯನ್ನು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಆಮೇಲೆ ಹುಟ್ಟಿದ ಕೂಸು ಮೂರು ನಾಲ್ಕು ದಿನವಷ್ಟೇ ಉಸಿರಾಡಿತು. ಅದಕ್ಕೆ ಆ ಅಧ್ಯಾಯದ ಕೊನೆಯಲ್ಲಿ ಒಂದು ಮಾತು ಸಿಗುತ್ತದೆ, ಅಷ್ಟೇ. ಮಗನಾಗಿ ಅವರು ಪಟ್ಟ ಸಂಕಟ ಪುಟಗಟ್ಟಲೆ ಇದೆ. ಅಪ್ಪನಾಗಿ ಏನನಿಸಿತು ಎಂಬುದು ಇಲ್ಲ. ಕಸ್ತೂರಬಾ ಅವರಿಗೆ ಏನನಿಸಿತು ಎಂಬುದೂ ಇಲ್ಲ. ಅಷ್ಟು ನಿಜ ಹೇಳುವ ಮನುಷ್ಯನಿಗೂ ಹದಿನಾರರ ಅಪ್ಪನ ದುಃಖಕ್ಕೆ ಮಾತು ಸಿಕ್ಕಿರಲಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಇಲ್ಲಿ ಹುಡುಗ ಬೇಗ ಅಪ್ಪನಾಗುವುದಕ್ಕೆ ಪ್ರೀತಿಯೊಂದೇ ಕಾರಣವಲ್ಲ. ಹೊಟ್ಟೆಪಾಡಿನ ಲೆಕ್ಕವೂ ಇದೆ. ರಾಜ್ಯದಲ್ಲೇ ಹೆಚ್ಚು ಸಕ್ಕರೆ ಕಾರ್ಖಾನೆ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಪಕ್ಕದ ಮುಧೋಳ, ಜಮಖಂಡಿಯೂ ಕಬ್ಬಿನ ಸೀಮೆಯೇ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವವರ ಗ್ಯಾಂಗುಗಳು ಇಳಿಯುತ್ತವೆ, ಹೊಲದ ಬದಿ ಗುಡಿಸಲು ಏಳುತ್ತವೆ. ಕಬ್ಬು ಕಡಿಯಲು ಮುಂಗಡ ಕೊಡುವುದು ಬಹಳ ಕಡೆ ಗಂಡ ಹೆಂಡತಿ ಜೋಡಿಯ ಲೆಕ್ಕದಲ್ಲಿ. ಮಹಾರಾಷ್ಟ್ರದ ಕಡೆ ಆ ಜೋಡಿಗೆ ‘ಕೊಯ್ತಾ’ ಎಂದೇ ಹೆಸರು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಒಂಟಿ ಹುಡುಗ ಅರ್ಧ ಕತ್ತಿ. ಮನೆಯಲ್ಲಿ ಸಾಲ ಇದ್ದರೆ ಅವನನ್ನು ಜೋಡಿ ಮಾಡುವ ಅವಸರ ಏಳುತ್ತದೆ. ವಿಜಯಪುರದ ಹಳ್ಳಿ, ತಾಂಡಾಗಳಿಂದ ಗೋವಾಕ್ಕೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಮನೆಗಳಲ್ಲಿ ಬೇರೆ ಚಿಂತೆ. ವಯಸ್ಸಿಗೆ ಬಂದ ಮಗಳನ್ನು ಊರಲ್ಲಿ ಯಾರ ಹತ್ತಿರ ಬಿಡುವುದು? ಮದುವೆ ಮಾಡಿದರೆ ಭಾರ ಇಳಿಯಿತು ಎನ್ನುತ್ತಾರೆ.

ಅದರ ಜೊತೆಗೆ ಎಲ್ಲ ಓಣಿಯಲ್ಲೂ ಕೇಳುವ ಮಾತು ಇದ್ದೇ ಇದೆ. ‘ಒಂದ್ ಮದವಿ ಮಾಡಿಬಿಡ್ರಿ, ತಾನ ಹಾದಿಗೆ ಬರ್ತಾನ.’ ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಹುಡುಗನ ಹುಚ್ಚಿಗೆ ಮದ್ದು ಎಂದು ಒಂದು ಹುಡುಗಿಯನ್ನು ತರುತ್ತಾರೆ. ಮದ್ದು ಕೆಲಸ ಮಾಡದಿದ್ದರೆ ಬೈಗುಳ ಬೀಳುವುದೂ ಅವಳಿಗೇ.

ಇದೆಲ್ಲ ಕಾದಂಬರಿಯೊಳಗೆ ಬರಬೇಕು, ಭಾಷಣವಾಗಿ ಅಲ್ಲ. ನನ್ನನ್ನು ಕೇಳಿದರೆ ಕಥೆಯ ಬೆನ್ನೆಲುಬು ತಾಯಿ ಕಾರ್ಡಿನಲ್ಲೇ ಇದೆ. ಬಸುರಿಯಾದಾಗ ಸರ್ಕಾರ ಕೊಡುವ ಆ ಕಾರ್ಡು ಮನೆಮನೆಯಲ್ಲೂ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿರುತ್ತದೆ. ಅದರಲ್ಲಿ ಹುಡುಗಿಯ ವಯಸ್ಸು ಬರೆಯುವ ಜಾಗ ಇದೆ. ಅಲ್ಲಿ ಮೊದಲ ಸುಳ್ಳು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಬಿಸಿಜಿ, ಆರು, ಹತ್ತು, ಹದಿನಾಲ್ಕು ವಾರಕ್ಕೆ ಸೂಜಿ, ಒಂಬತ್ತು ತಿಂಗಳಿಗೆ ದಡಾರದ್ದು. ಒಂದೊಂದು ಲಸಿಕೆಗೆ ಒಂದೊಂದು ಅಧ್ಯಾಯ. ಬಿಸಿಜಿಗೆ ಹುಡುಗ ಬಾಗಿಲ ಹೊರಗೆ ನಿಂತಿರುತ್ತಾನೆ. ಆರು ವಾರಕ್ಕೆ ‘ತಂಗಿ ರೀ’ ಎನ್ನುತ್ತಾನೆ. ಒಂಬತ್ತು ತಿಂಗಳಿಗೆ ಏನೆನ್ನುತ್ತಾನೆ ಎಂಬುದಕ್ಕೇ ಓದುಗ ಕಾಯುತ್ತಾನೆ. ಗೆಳೆಯರು ಅವನನ್ನು ‘ಕಾಕಾ’ ಎಂದು ಕರೆಯಲಿ. ಕ್ರಿಕೆಟ್ ತಂಡದಲ್ಲಿ ಅವನ ಜಾಗ ಬೇರೆಯವನಿಗೆ ಹೋಗಲಿ. ಮಾತು ನಮ್ಮ ಕಡೆಯದೇ ಇರಲಿ. ‘ಹಡದಾಕಿ’, ‘ಕೂಸು’, ‘ಕುಬಸ’ ಎಂಬ ಮಾತುಗಳನ್ನು ತಿದ್ದಿ ಶುದ್ಧ ಮಾಡಬಾರದು. ತನ್ನ ಮನೆಯ ಮಾತು ಅಚ್ಚಿನಲ್ಲಿ ಕಂಡಾಗಲೇ ಆ ಹುಡುಗ ಪುಟ ತಿರುವುತ್ತಾನೆ.

ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ನಮ್ಮ ಕಾಲೇಜಿನಲ್ಲೇ ಒಬ್ಬ ಸಹೋದ್ಯೋಗಿ ಮೇಡಂ ಕೇಳಿದರು: ‘ಹಿಂಗ ಬರದ್ರ ಬಾಲ್ಯವಿವಾಹ ಚಂದ ಅನಿಸಂಗಿಲ್ಲೇನ್ರಿ ಸರ್?’ ಅನಿಸಬಹುದು. ಕೂಸಿನ ನಗು, ಹುಡುಗನ ಕಣ್ಣೀರು, ಕೊನೆಗೆ ಎಲ್ಲಾ ಸರಿಹೋಯಿತು ಎಂದು ಬರೆದರೆ ಖಂಡಿತ ಅನಿಸುತ್ತದೆ. ಹಾಗಾಗಬಾರದು ಎಂದರೆ ಲೆಕ್ಕ ಪೂರ್ತಿ ತೋರಿಸಬೇಕು. ಅವಳ ಮೈಯಲ್ಲಿ ರಕ್ತ ಕಡಿಮೆ. ಅವನ ಹಾಲ್ ಟಿಕೆಟ್ ಕಪಾಟಿನಲ್ಲೇ ಉಳಿಯಿತು. ಗ್ಯಾಂಗಿನ ಮುಂಗಡ ತೀರಲಿಲ್ಲ. ಪೊಲೀಸ್ ಜೀಪಿನ ಸದ್ದಿಗೆ ಮೂವರೂ ನಡುಗುತ್ತಾರೆ. ಅಪ್ಪನಾದ ಹುಡುಗನನ್ನು ಮನುಷ್ಯ ಎಂದು ತೋರಿಸುವುದು ಬೇರೆ, ಅವನು ಆ ವಯಸ್ಸಿಗೆ ಅಪ್ಪನಾದದ್ದು ಸರಿ ಎನ್ನುವುದು ಬೇರೆ. ಮೊದಲನೆಯದನ್ನು ಓದಿದ ಹುಡುಗ ಎರಡನೆಯದಕ್ಕೆ ತಲೆಯಾಡಿಸುತ್ತಾನೆ ಎಂದು ನನಗನಿಸುವುದಿಲ್ಲ. ಬಾಬಿಯ ಕಥೆ ಕೇಳಿದ ನಮ್ಮ ತರಗತಿಯ ಯಾವ ಹುಡುಗನೂ ನನಗೂ ಒಂದು ಕೂಸು ಬೇಕು ಅನ್ನಲಿಲ್ಲ. ‘ನಿದ್ದಿ ಇಲ್ದ ಹೆಂಗ ಸರ್’ ಎಂದು ಕೇಳಿದರು.

ಇಂಥ ಪುಸ್ತಕ ಬಂತು ಎಂದುಕೊಳ್ಳಿ. ಅದು ಎಲ್ಲಿ ಕೂರುತ್ತದೆ? ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಕಳೆದ ತಿಂಗಳು ಅಂಥ ಒಂದು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕಿಗೆ ಇದೆಲ್ಲಾ ಹೇಳಿ, ಈ ಥರದ ಪುಸ್ತಕ ಬಂದರೆ ಎಲ್ಲಿ ಇಡ್ತೀರವ್ವ ಎಂದು ಕೇಳಿದೆ.

ಅವಳು ಎದ್ದು ಕಪಾಟುಗಳನ್ನು ನೋಡಿದಳು. ‘ಸಣ್ಣ ಹುಡುಗ್ರ ಪುಸ್ತಕದಾಗ ಇಡಾಕ ಬರಂಗಿಲ್ರಿ ಸರ್. ಕಾದಂಬರಿ ಕಪಾಟಿನಾಗ ಇಟ್ರ ಆ ವಯಸ್ಸಿನವ್ರು ಆ ಕಡೆ ಹಾಯಂಗಿಲ್ಲ.’ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಿಟಕಿ ಪಕ್ಕದ ಮೇಜಿನ ಹತ್ತಿರ ಹೋದಳು. ಕಾನ್‌ಸ್ಟೆಬಲ್ ಪರೀಕ್ಷೆಗೆ, ಅಗ್ನಿವೀರಕ್ಕೆ ಓದುವ ಹುಡುಗರು ಮುಂಜಾನೆಯಿಂದ ಕೂರುವ ಮೇಜು ಅದು. ಅವತ್ತೂ ಮೂವರು ಕೂತಿದ್ದರು, ಯಾರಿಗೂ ಇಪ್ಪತ್ತು ದಾಟಿರಲಿಕ್ಕಿಲ್ಲ. ಅವಳು ಸಾಮಾನ್ಯ ಜ್ಞಾನದ ಎರಡು ಪುಸ್ತಕವನ್ನು ಒಂದರ ಮೇಲೊಂದು ಇಟ್ಟು, ಪಕ್ಕದಲ್ಲಿ ಅಂಗೈ ಅಗಲ ಜಾಗ ಮಾಡಿದಳು.

‘ಇಲ್ಲಿ ಇಡ್ತೀನ್ರಿ’ ಎಂದಳು. ‘ತಗೊಂಬರ್ರಿ.’